ಮನೆವಾರ್ತೆ: ಗ್ರಾಫಿಕ್ಸ್ ಕಾರ್ಡೂ ಗೃಹಸ್ಥನ ಆಯವ್ಯಯವೂ



ಈ ಪುಟಗಳಲ್ಲಿ ನಾವು ತಿಂಗಳು ತಿಂಗಳೂ ಎಣ್ಣೆ ಬೇಳೆಗಳ ಧಾರಣೆ, ಮಕ್ಕಳ ಶುಲ್ಕ, ಮನೆಯ ದುರಸ್ತಿ, ಸಾಲ ಉಳಿತಾಯಗಳೇ ಮೊದಲಾದ ಸಂಸಾರದ ಮಾತುಗಳನ್ನಾಡುತ್ತ ಬಂದಿದ್ದೇವೆ. ಈ ಸಲ ನಾವು ಆರಿಸಿಕೊಂಡಿರುವ ವಿಷಯವನ್ನು ಕಂಡು ಹಿರಿಯರಾದ ಕೆಲವರು ಹುಬ್ಬೇರಿಸಬಹುದು. ಆದರೆ ಒಂದು ಗೇಣುದ್ದದ ವಿದ್ಯುತ್ ಹಲಗೆಯ ಬೆಲೆಯಿಂದಾಗಿ ಒಂದು ಸದ್ಗೃಹಸ್ಥರ ಮನೆಯಲ್ಲಿ ತಂದೆಯೂ ಮಗನೂ ಹದಿನೈದು ದಿನ ಮಾತು ಬಿಟ್ಟಿದ್ದುದನ್ನು ಕಣ್ಣಾರೆ ಕಂಡ ಮೇಲೆ, ಇದೂ ಮನೆವಾರ್ತೆಯ ವಿಷಯವೇ ಸರಿ ಎಂದು ನಮಗೆ ತೋರಿತು.

ಕೊಟ್ಟೂರೇಶ್ವರನ ರಥೋತ್ಸವಕ್ಕೆಂದು ಈಚೆಗೆ ನಾವು ಕೊಟ್ಟೂರಿಗೆ ಹೋಗಿದ್ದೆವು. ಅಲ್ಲಿ ನಮ್ಮ ಬಹುಕಾಲದ ಸ್ನೇಹಿತರೊಬ್ಬರು ಪ್ರೌಢಶಾಲೆಯ ಉಪಾಧ್ಯಾಯರಾಗಿರುವರು. ಊರ ಹೊರಗೆ ಅವರಿಗೆ ಮೂರೆಕರೆ ಹೊಲವೂ ಉಂಟು; ಮಳೆಯಾದ ವರ್ಷ ಮೆಕ್ಕೆಜೋಳವೋ ಶೇಂಗಾವೋ ಕೈಗೆ ಹತ್ತುತ್ತದೆ. ಅವರ ಮನೆಯಲ್ಲಿಯೇ ನಮ್ಮ ಬಿಡಾರ. ಜಾತ್ರೆಯ ಮನೆ, ಹೋಳಿಗೆಯ ವಾಸನೆ ಬೀದಿಯವರೆಗೂ ಬರುತ್ತಿತ್ತು. ಆದರೆ ಊಟಕ್ಕೆ ಕುಳಿತಾಗ ಪಂಕ್ತಿಯ ಒಂದು ತುದಿಯಲ್ಲಿ ತಂದೆ, ಇನ್ನೊಂದು ತುದಿಯಲ್ಲಿ ಮಗ. "ಅವ್ವಾ, ಅಪ್ಪ ಬಸ್ಸು ಎಷ್ಟು ಹೊತ್ತಿಗೆಂದು ಕೇಳುತ್ತಿದ್ದನಲ್ಲ, ಆರು ಗಂಟೆಗೆಂದು ಹೇಳು" ಎಂದು ಮಗನು ತಾಯಿಗೆ ಹೇಳುವುದು. ತಂದೆಯು ಅದನ್ನು ಕೇಳಿಯೂ ಕೇಳದವರಂತೆ ಇರುವುದು. ಆ ತಾಯಿಯು ನಮ್ಮ ಮುಖವನ್ನು ನೋಡಿ ನಾಚಿಕೊಂಡು ಒಳಗೆ ಹೋದರು.

ರಾತ್ರಿ ಜಗಲಿಯ ಮೇಲೆ ಕುಳಿತಾಗ ಸ್ನೇಹಿತರು ತಾವಾಗಿಯೇ ಸಂಗತಿಯನ್ನು ಬಿಚ್ಚಿದರು. ಮಗನು ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಮೂರನೆಯ ವರ್ಷದಲ್ಲಿ ಓದುತ್ತಿರುವನು. ಎರಡು ವರ್ಷದ ಹಿಂದೆ ಓದಿಗೆಂದು ಅವನಿಗೊಂದು ಕಂಪ್ಯೂಟರನ್ನು ಕೊಡಿಸಿದರು. ಆಗಲೇ ಅವನು, "ಇದರೊಳಗೆ ಗ್ರಾಫಿಕ್ಸ್ ಕಾರ್ಡು ಇದ್ದರೆ ಒಳ್ಳೆಯದಿತ್ತು" ಎಂದನಂತೆ. ತಂದೆಯು, "ಈ ಯಂತ್ರಗಳ ಬೆಲೆ ವರ್ಷ ವರ್ಷಕ್ಕೂ ಇಳಿಯುತ್ತದೆ, ಎರಡು ವರ್ಷ ತಾಳು, ಅರ್ಧ ಬೆಲೆಗೆ ಬರುತ್ತದೆ, ಕೊಡಿಸುತ್ತೇನೆ" ಎಂದು ಮಾತು ಕೊಟ್ಟರು. ಹುಡುಗನು ತಾಳಿದನು. ಎರಡು ವರ್ಷ ಕಳೆದು ವಿಚಾರಿಸಿದರೆ ಬೆಲೆ ಅರ್ಧವಾಗಿರಲಿಲ್ಲ. ೩೨,೦೦೦ ರೂಪಾಯಿ ಬೇಕೆಂದಾಯಿತು. ತಂದೆಯ ಬಳಿ ಇದ್ದ ಹಣವೋ ಮಗಳನ್ನು ಕಾಲೇಜಿಗೆ ಸೇರಿಸಲು ತೆಗೆದಿಟ್ಟದ್ದು. "ಆಟದ ಸಾಮಾನಿಗೆ ಮೂವತ್ತೆರಡು ಸಾವಿರವೇ?" ಎಂದು ಅವರು ಗದರಿದರು. ಮಗನು ಎದುರು ವಾದಿಸಲಿಲ್ಲ. "ನೀನು ಹೇಳಿದೆಯೆಂದೇ ಎರಡು ವರ್ಷ ಕಾದೆನಪ್ಪ; ಕಾದದ್ದೇ ತಪ್ಪಾಯಿತೇನು?" ಎಂದಷ್ಟೇ ಕೇಳಿ ಎದ್ದು ಹೋದನು.

"ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ" ಎಂದು ಸ್ನೇಹಿತರು ನಿಟ್ಟುಸಿರಿಟ್ಟರು. "ನಾನು ಮಾತು ತಪ್ಪಿದೆನೋ, ಲೋಕವೇ ಮಾತು ತಪ್ಪಿತೋ, ತಿಳಿಯದು."

ಕೊಟ್ಟೂರಿನ ಈ ಮನೆಯ ಕಥೆ ಕೂಡ್ಲಿಗಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ, ಹಡಗಲಿಗಳಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿರುವ ಯಾವ ಮನೆಯದಾದರೂ ಆಗಬಹುದು. ಆದುದರಿಂದ ಆ ಪ್ರಶ್ನೆಗೆ ಉತ್ತರವನ್ನು ಹುಡುಕಲು ಇಲ್ಲಿ ಪ್ರಯತ್ನಿಸುತ್ತೇವೆ.

ಮೊದಲಿಗೆ ಆ ವಸ್ತು ಯಾವುದೆಂದು ತಿಳಿಯೋಣ. ಕಂಪ್ಯೂಟರಿನ ಪರದೆಯ ಮೇಲೆ ಕಾಣುವ ಚಿತ್ರವು ಸಣ್ಣ ಚುಕ್ಕಿಗಳ ರಾಶಿ. ಸಾಮಾನ್ಯ ಪರದೆಯಲ್ಲಿ ಅಡ್ಡ ಸಾಲಿಗೆ ೧,೯೨೦ ಚುಕ್ಕಿಗಳಂತೆ ೧,೦೮೦ ಸಾಲುಗಳು. ಒಟ್ಟು ೨೦ ಲಕ್ಷ ೭೩ ಸಾವಿರಕ್ಕೂ ಮಿಕ್ಕಿ. ಆಟವು ತಡವರಿಸದೆ ಕಾಣಬೇಕಾದರೆ ಸೆಕೆಂಡಿಗೆ ೬೦ ಸಲ ಇಡೀ ಚಿತ್ರವನ್ನು ಹೊಸದಾಗಿ ಬರೆಯಬೇಕು. ಅಂದರೆ ಒಂದೊಂದು ಸೆಕೆಂಡಿಗೂ ೧೨ ಕೋಟಿಗೆ ಮೀರಿದ ಚುಕ್ಕಿಗಳ ಬಣ್ಣವನ್ನು ಲೆಕ್ಕ ಹಾಕಿ ಗೊತ್ತುಮಾಡಬೇಕು. ಕಂಪ್ಯೂಟರಿನ ಮುಖ್ಯ ಪ್ರೊಸೆಸರು ನಿಪುಣನಾದ ಶಾನುಭೋಗನಂತೆ. ಎಂಥ ಕಠಿನವಾದ ಲೆಕ್ಕವನ್ನಾದರೂ ಬಿಡಿಸಬಲ್ಲುದು, ಆದರೆ ಇಷ್ಟು ದೊಡ್ಡ ರಾಶಿಯ ಮುಂದೆ ಅದರ ಕೈ ಸಾಲದು. ಗ್ರಾಫಿಕ್ಸ್ ಕಾರ್ಡಾದರೋ ಶೇಂಗಾದ ಹೊಲದಲ್ಲಿ ಸಾಲು ಹಿಡಿದು ಕಳೆ ಕೀಳುವ ಆಳುಗಳ ತಂಡದಂತೆ. ಪ್ರತಿಯೊಬ್ಬರದೂ ಸುಲಭವಾದ ಒಂದೇ ಕೆಲಸ; ಆದರೆ ಎಲ್ಲರೂ ಒಟ್ಟಿಗೆ ಬಗ್ಗಿದರೆ ಹೊತ್ತು ಮುಳುಗುವುದರೊಳಗೆ ಹೊಲವೆಲ್ಲ ಹಸನು. ೨೦೧೬ರಲ್ಲಿ ಬಂದ ಜಿಟಿಎಕ್ಸ್ ೧೦೬೦ ಎಂಬ ಮಧ್ಯಮ ದರ್ಜೆಯ ಕಾರ್ಡಿನಲ್ಲಿ ಇಂಥ ೧,೨೮೦ ಘಟಕಗಳಿದ್ದವು. ೨೦೨೫ರ ಆರ್‌ಟಿಎಕ್ಸ್ ೫೦೬೦ರಲ್ಲಿ ೩,೮೪೦ ಇವೆ.

ಇವೆರಡನ್ನೂ ರೂಪಿಸಿದ್ದು ಅಮೆರಿಕದ ಎನ್‌ವಿಡಿಯಾ ಎಂಬ ಕಂಪನಿ. ಅದರ ಪ್ರತಿಸ್ಪರ್ಧಿಗಳಾದ ಎಎಂಡಿ, ಇಂಟೆಲ್ ಎಂಬವೂ ಅಲ್ಲಿಯವೇ. ಆದರೆ ಮೂವರ ಈಗಿನ ಕಾರ್ಡುಗಳ ಚಿಪ್ಪುಗಳೂ ತಯಾರಾಗುವುದು ತೈವಾನಿನ ಟಿಎಸ್‌ಎಂಸಿ ಕಾರ್ಖಾನೆಗಳಲ್ಲಿ. ಹೀಗೆ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ನಾವು ಕಾಣುವ ಡಬ್ಬಿಯು ಎರಡು ಮೂರು ದೇಶಗಳ ಕೈ ಹಾದು ಬಂದಿರುತ್ತದೆ. ಅಂಗಡಿಯವನ ಮೇಲೆ ಸಿಟ್ಟಾಗುವ ಮುನ್ನ ಇದನ್ನು ನೆನೆಯುವುದು ನ್ಯಾಯ.

ಇನ್ನು ಬೆಲೆಯ ಮಾತು. ಜಿಟಿಎಕ್ಸ್ ೧೦೬೦ರ ಬೆಲೆ ೨೦೧೬ರ ಜುಲೈಯಲ್ಲಿ ೨೪೯ ಡಾಲರು. ಅದೇ ದರ್ಜೆಯಲ್ಲಿ ನಿಲ್ಲುವ ಆರ್‌ಟಿಎಕ್ಸ್ ೫೦೬೦ರ ಬೆಲೆ ೨೦೨೫ರ ಮೇ ತಿಂಗಳಲ್ಲಿ ೨೯೯ ಡಾಲರು. ಒಂಬತ್ತು ವರ್ಷಕ್ಕೆ ೫೦ ಡಾಲರು ಹೆಚ್ಚಿತೆಂದರೆ ನೂರಕ್ಕೆ ಇಪ್ಪತ್ತರಷ್ಟು. ಘಟಕಗಳು ಮೂರು ಪಟ್ಟಾಗಿರುವಾಗ ಇದು ಅನ್ಯಾಯವೆಂದು ಹೇಳಲಾಗದು. ಆದರೆ ನಾವು ಸಂಬಳ ಎಣಿಸುವುದು ಡಾಲರಿನಲ್ಲಲ್ಲ. ೨೦೧೬ರಲ್ಲಿ ಒಂದು ಡಾಲರಿಗೆ ಸುಮಾರು ೬೭ ರೂಪಾಯಿ. ೨೦೨೫ರ ಡಿಸೆಂಬರಿನಲ್ಲಿ ಅದು ೯೦ನ್ನು ದಾಟಿತು. ಈಗ ಗುಣಿಸಿ ನೋಡಿರಿ. ಅಂದು ತೆರಿಗೆ ಬಿಟ್ಟು ೧೬,೭೦೦ ರೂಪಾಯಿಗೆ ಬಂದುದು ೨೦೨೫ರ ಕೊನೆಗೆ ೨೬,೯೦೦ ರೂಪಾಯಿ. ಹೆಚ್ಚಿದ ಈ ಹತ್ತು ಸಾವಿರ ಚಿಲ್ಲರೆಯಲ್ಲಿ ಕಂಪನಿಯು ಏರಿಸಿದ್ದು ಸುಮಾರು ೩,೩೫೦. ಮಿಕ್ಕ ಸುಮಾರು ೬,೯೦೦ ರೂಪಾಯಿ ನಮ್ಮ ರೂಪಾಯಿಯ ಇಳಿತದಿಂದ ಬಂದದ್ದು. ಅದರ ಮೇಲೆ ನೂರಕ್ಕೆ ೧೮ರಂತೆ ಜಿಎಸ್‌ಟಿ ಸೇರಿದರೆ ೩೧,೭೫೦. ನಮ್ಮ ಉಪಾಧ್ಯಾಯರ ಮಗನು ಕೇಳಿದ್ದು ಇಷ್ಟೇ. ಹುಡುಗನು ಒಂದು ಕಾಸನ್ನೂ ಹೆಚ್ಚಿಗೆ ಹೇಳಿರಲಿಲ್ಲ.

ಇದು ಕೆಳದರ್ಜೆಗೂ ಮಧ್ಯಮ ದರ್ಜೆಗೂ ನಡುವಣ ಕಾರ್ಡಿನ ಲೆಕ್ಕ. ಅತ್ಯುತ್ತಮವೇ ಬೇಕೆನ್ನುವವರ ಕಥೆ ಬೇರೆ. ೨೦೧೭ರಲ್ಲಿ ಜಿಟಿಎಕ್ಸ್ ೧೦೮೦ ಟಿಐ ಎಂಬ ಶಿಖರದ ಕಾರ್ಡಿಗೆ ೬೯೯ ಡಾಲರು. ೨೦೨೫ರ ಜನವರಿಯಲ್ಲಿ ಬಂದ ಆರ್‌ಟಿಎಕ್ಸ್ ೫೦೯೦ಕ್ಕೆ ೧,೯೯೯ ಡಾಲರು. ನಮ್ಮ ಹಣದಲ್ಲಿ, ತೆರಿಗೆ ಬಿಟ್ಟು, ಅಂದು ಸುಮಾರು ೪೬,೦೦೦. ಇಂದು ಒಂದು ಲಕ್ಷ ೭೦ ಸಾವಿರಕ್ಕೂ ಮೇಲೆ. ಆ ಮೆಟ್ಟಿಲನ್ನು ನಮ್ಮ ವಾಚಕರು ದೂರದಿಂದಲೇ ನೋಡಿ ನಮಸ್ಕರಿಸುವುದು ಕ್ಷೇಮ.

ಯಂತ್ರದ ವಸ್ತುಗಳು ಕಾಲ ಕಳೆದಂತೆ ಅಗ್ಗವಾಗುವುವೆಂಬ ನಮ್ಮ ಸ್ನೇಹಿತರ ನಂಬಿಕೆ ನಿರಾಧಾರವಾದುದಲ್ಲ. ೨೦೦೩ರವರೆಗೂ ಮೊಬೈಲಿಗೆ ಬಂದ ಕರೆಯನ್ನು ಸ್ವೀಕರಿಸಿದವನೂ ಹಣ ತೆರಬೇಕಾಗಿತ್ತೆಂಬುದನ್ನು ನಾವೆಲ್ಲ ಕಂಡಿದ್ದೇವೆ; ಇಂದು ಕುರಿ ಕಾಯುವವನ ಕೈಯಲ್ಲಿಯೂ ಫೋನುಂಟು. ದೂರದರ್ಶನದ ಪೆಟ್ಟಿಗೆಯೂ ಹಾಗೆಯೇ. ಆದರೆ ಗ್ರಾಫಿಕ್ಸ್ ಕಾರ್ಡು ಮಾತ್ರ ಈ ದಾರಿಯನ್ನು ಬಿಟ್ಟು ನಡೆಯಿತು. ಏಕೆಂದರೆ ಆಟವಾಡುವವರಲ್ಲದ ದೊಡ್ಡ ಗಿರಾಕಿಗಳು ಎರಡು ಸಲ ಸಂತೆಗೆ ಇಳಿದರು.

ಮೊದಲನೆಯವರು ಗಣಿಗಾರರು. ಗಣಿಯೆಂದರೇನೆಂದು ನಮ್ಮ ಸೀಮೆಯವರಿಗೆ ವಿವರಿಸಬೇಕಾದುದಿಲ್ಲ. ಅದಿರಿಗೆ ಪರದೇಶದಲ್ಲಿ ಬೇಡಿಕೆ ಬಂದ ವರ್ಷಗಳಲ್ಲಿ ಸಂಡೂರು ಹೊಸಪೇಟೆಗಳ ದಾರಿಯಲ್ಲಿ ಲಾರಿಗಳ ಸಾಲು ಹೇಗಿತ್ತು, ೨೦೧೧ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಆ ಲಾರಿಗಳ ಗತಿ ಏನಾಯಿತು, ಎಲ್ಲವನ್ನೂ ಬಲ್ಲೆವು. ಗ್ರಾಫಿಕ್ಸ್ ಕಾರ್ಡಿನ ಗಣಿಗೆ ಮಣ್ಣು ಬೇಡ. ಎಥೀರಿಯಂ ಎಂಬ ಡಿಜಿಟಲ್ ನಾಣ್ಯವನ್ನು ಪಡೆಯಲು ಕಂಪ್ಯೂಟರುಗಳು ಹಗಲಿರುಳು ಲೆಕ್ಕಗಳನ್ನು ಬಿಡಿಸುತ್ತಿರಬೇಕಾಗಿತ್ತು; ಆ ಕೆಲಸಕ್ಕೆ ಈ ಕಾರ್ಡುಗಳೇ ಹೇಳಿಮಾಡಿಸಿದಂತಿದ್ದವು. ೨೦೧೭ರಲ್ಲಿ ಒಮ್ಮೆ, ೨೦೨೧ರಲ್ಲಿ ಮತ್ತೊಮ್ಮೆ, ನಾಣ್ಯದ ಬೆಲೆ ಏರಿದಾಗ ಜನರು ಕಾರ್ಡುಗಳನ್ನು ರಾಶಿ ರಾಶಿಯಾಗಿ ಕೊಂಡರು. ಎರಡನೆಯ ಸಲ ಕೋವಿಡಿನ ಕಾಲದ ಕೊರತೆಯೂ ಕೂಡಿಕೊಂಡು ಅನೇಕ ಕಾರ್ಡುಗಳು ಘೋಷಿತ ಬೆಲೆಯ ಇಮ್ಮಡಿಗೆ ಮಾರಾಟವಾದವು. ೨೦೨೨ರ ಸೆಪ್ಟೆಂಬರ್ ೧೫ರಂದು ಎಥೀರಿಯಂ ತನ್ನ ಪದ್ಧತಿಯನ್ನು ಬದಲಿಸಿತು. ಒಂದೇ ದಿನದಲ್ಲಿ ಆ ಗಣಿ ಮುಚ್ಚಿಹೋಯಿತು.

ಆಟಗಾರರು ಉಸಿರು ಬಿಡುವಷ್ಟರಲ್ಲಿ ಎರಡನೆಯ ಗಿರಾಕಿ ಬಂದನು. ೨೦೨೨ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಪ್ರಕಟವಾದಂದಿನಿಂದ ಕೃತಕ ಬುದ್ಧಿಮತ್ತೆಯ ಯಂತ್ರಗಳಿಗೆ ಬೇಕಾದ ಲೆಕ್ಕವನ್ನೂ ಇದೇ ಜಾತಿಯ ಚಿಪ್ಪುಗಳು ಮಾಡಬೇಕಾಗಿವೆ. ಹಡಗಲಿಯ ಮಲ್ಲಿಗೆಯನ್ನು ನೆನೆಸಿಕೊಳ್ಳಿರಿ. ಬೆಳಗಿನ ಜಾವಕ್ಕೆ ಮದುವೆಯ ಮನೆಯವರು ಬಂದು ಕೇಳಿದ ಬೆಲೆಯನ್ನು ಕೊಟ್ಟು ಬುಟ್ಟಿ ಬುಟ್ಟಿಯನ್ನೇ ಎತ್ತಿಕೊಂಡು ಹೋದರೆ, ಮುಡಿಗೆ ಒಂದು ಮೊಳ ಹೂ ಕೊಳ್ಳಲು ಬಂದ ಗೃಹಿಣಿಗೆ ಉಳಿಯುವುದೇನು? ಹೂವಾಡಿಗನು ಯಾರ ಕಡೆಗೆ ಮೊದಲು ತಿರುಗುವನು? ೨೦೨೦ರ ಜನವರಿಗೆ ಮುಗಿದ ವರ್ಷದಲ್ಲಿ ಎನ್‌ವಿಡಿಯಾದ ವರಮಾನದಲ್ಲಿ ಅರ್ಧದಷ್ಟು ಆಟಗಾರರಿಂದ ಬಂದಿತ್ತು. ೨೦೨೫ರ ಜನವರಿಗೆ ಮುಗಿದ ವರ್ಷದಲ್ಲಿ ಅವರ ಪಾಲು ನೂರಕ್ಕೆ ೯ಕ್ಕಿಂತಲೂ ಕಡಿಮೆ. ೮೮ರಷ್ಟು ದೊಡ್ಡ ದೊಡ್ಡ ಡೇಟಾ ಕೇಂದ್ರಗಳಿಂದ. ಅಂಗಡಿಯ ಹಳೆಯ ಗಿರಾಕಿ ಈಗ ಮೆಟ್ಟಿಲ ಕೆಳಗೆ ನಿಂತಿರುವನು.

ಸ್ಮೃತಿಕೋಶದ, ಎಂದರೆ ಮೆಮೊರಿಯ, ಪಾಡೂ ಇದೇ. ಲೋಕಕ್ಕೆ ಬೇಕಾದ ಮೆಮೊರಿಯಲ್ಲಿ ಬಹುಪಾಲನ್ನು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರೇ ಕಂಪನಿಗಳು ಮಾಡುತ್ತವೆ. ಹೆಚ್ಚು ಲಾಭ ಕೊಡುವ ಡೇಟಾ ಕೇಂದ್ರಗಳ ಕಡೆಗೆ ಅವು ತಿರುಗಿದ್ದರಿಂದ ೨೦೨೫ರ ಕೊನೆಯ ತಿಂಗಳುಗಳಲ್ಲಿ ಮನೆಯ ಕಂಪ್ಯೂಟರಿನ ರ‍್ಯಾಮ್ ಬೆಲೆ ಇಮ್ಮಡಿಗೂ ಮೀರಿತು. ಆ ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿಯು ಸಾಮಾನ್ಯ ಗ್ರಾಹಕರಿಗೆ ಕ್ರೂಶಿಯಲ್ ಎಂಬ ಹೆಸರಿನಲ್ಲಿ ಮಾರುತ್ತಿದ್ದ ವ್ಯಾಪಾರವನ್ನೇ ಬಿಟ್ಟುಬಿಡುವುದಾಗಿ ಸಾರಿತು. ಗ್ರಾಫಿಕ್ಸ್ ಕಾರ್ಡಿನಲ್ಲಿಯೂ ಮೆಮೊರಿ ಇರುವುದರಿಂದ ಆ ಬಿಸಿ ಅದಕ್ಕೂ ತಟ್ಟದಿರುವುದಿಲ್ಲ.

ಹೀಗಿರುವಲ್ಲಿ ಉಪಾಧ್ಯಾಯರ ಮಾತು ಸುಳ್ಳಾದುದು ಅವರ ವಂಚನೆಯಿಂದಲ್ಲ. ಹುಡುಗನು ಕಾದದ್ದು ತಪ್ಪೂ ಅಲ್ಲ. ನಮ್ಮ ಈರುಳ್ಳಿಯ ಧಾರಣೆ ನಮ್ಮ ಹೊಲದ ಬದುವಿನಲ್ಲಿ ಗೊತ್ತಾಗುವುದಿಲ್ಲವೆಂಬುದನ್ನು ಹಗರಿಬೊಮ್ಮನಹಳ್ಳಿಯ ರೈತನು ಬಲ್ಲನು. ಕಾರ್ಡಿನ ಬೆಲೆಯೂ ಹಾಗೆಯೇ ನಮ್ಮ ಜಗಲಿಯಲ್ಲಿ ಗೊತ್ತಾಗದು. ಎಲ್ಲಿಯೋ ಗೊತ್ತಾದ ಬೆಲೆಗಾಗಿ ಜಗಲಿಯ ಮೇಲಿನವರು ಒಬ್ಬರನ್ನೊಬ್ಬರು ದೂರುವುದು ಮಾತ್ರ ಅವಿವೇಕ.

"ಅದೆಲ್ಲ ಸರಿ, ಆದರೆ ಆಟಕ್ಕಾಗಿ ಇಷ್ಟು ವೆಚ್ಚವೇ?" ಎಂಬ ಪ್ರಶ್ನೆ ಉಳಿಯುತ್ತದೆ. ಇದಕ್ಕೆ ನಾವು ಸ್ವಲ್ಪ ಹಿಂದಕ್ಕೆ ನೋಡಬೇಕು. ನಮ್ಮ ಸೀಮೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಬಯಲಾಟವಾಡುತ್ತಿದ್ದ ನಮ್ಮ ತಾತಂದಿರು ಖರ್ಚಿಲ್ಲದೆ ಆಡಿದರೇ? ಕಿರೀಟ, ಭುಜಕೀರ್ತಿ, ಹಾರ್ಮೋನಿಯಂ, ಗ್ಯಾಸಿನ ದೀಪ, ಕಲಿಸುವ ಮಾಸ್ತರನ ಊಟ ಸಂಭಾವನೆ, ಎಲ್ಲಕ್ಕೂ ಹಣ ಬೇಕಾಗಿತ್ತು. ಸಾಲ ಮಾಡಿ ಪಾತ್ರ ಹಾಕಿದವರೂ ಉಂಟು. ಅವರನ್ನು ಬೈದ ಹೆಂಡಿರೂ ಉಂಟು. ಆಟಕ್ಕೆ ಆಸೆಪಡುವುದು ಈ ಕಾಲದ ಹುಡುಗರು ತಂದ ಹೊಸ ರೋಗವಲ್ಲ. ವ್ಯತ್ಯಾಸವಿಷ್ಟೇ: ಅಂದು ಮನೆ ಮನೆಗೂ ವಂತಿಗೆ ಎತ್ತಿ ವೆಚ್ಚವನ್ನು ಊರೇ ಹಂಚಿಕೊಳ್ಳುತ್ತಿತ್ತು; ವೇಷದ ಪೆಟ್ಟಿಗೆ ಎಲ್ಲರದು. ಇಂದು ಒಂದೊಂದು ಮನೆಯೂ ತನ್ನದೇ ಪೆಟ್ಟಿಗೆಯನ್ನು ಕೊಳ್ಳಬೇಕಾಗಿದೆ.

ಇನ್ನೊಂದು ಭಯವೂ ತಂದೆತಾಯಿಗಳಲ್ಲಿದೆ: 'ಗೇಮಿಂಗ್' ಎಂದೊಡನೆ ಹಣ ಕಟ್ಟಿ ಕಳೆದುಕೊಳ್ಳುವ ಜೂಜಿನ ನೆನಪು. ಎರಡೂ ಒಂದಲ್ಲ. ಹಣವೊಡ್ಡಿ ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರಕಾರವು ೨೦೨೫ರ ಆಗಸ್ಟಿನಲ್ಲಿ ಕಾನೂನು ಮಾಡಿ ನಿಷೇಧಿಸಿತು. ಆ ಕಾನೂನೇ ಕೌಶಲದ ಸ್ಪರ್ಧೆಯಾದ ಇ-ಸ್ಪೋರ್ಟ್ಸನ್ನು ಬೇರೆಯಾಗಿಟ್ಟು ಮನ್ನಿಸಿದೆ. ಮಗನು ಏನು ಆಡುತ್ತಾನೆಂದು ಪಕ್ಕದಲ್ಲಿ ಅರ್ಧ ಗಂಟೆ ಕುಳಿತು ನೋಡಿದರೆ ಈ ಭೇದವು ಯಾವ ತಂದೆಗಾದರೂ ತಿಳಿಯುತ್ತದೆ.

ಅದೂ ಅಲ್ಲದೆ ಈ ಕಾರ್ಡು ಆಟಕ್ಕೆ ಮಾತ್ರ ಸೀಮಿತವಾದುದಲ್ಲ. ವಿಡಿಯೋ ಜೋಡಿಸುವುದು, ಚಲಿಸುವ ಚಿತ್ರ ರಚಿಸುವುದು, ಕಟ್ಟಡದ ನಕ್ಷೆಯನ್ನು ನಿಜದಂತೆ ತೋರಿಸುವುದು, ಇವೆಲ್ಲವೂ ಅದರ ಕೆಲಸಗಳೇ. ಲಾಟ್ವಿಯ ಎಂಬ ಚಿಕ್ಕ ದೇಶದ 'ಫ್ಲೋ' ಎಂಬ ಚಿತ್ರವು ಬ್ಲೆಂಡರ್ ಎಂಬ ತಂತ್ರಾಂಶದಿಂದ ತಯಾರಾಗಿ ೨೦೨೫ರಲ್ಲಿ ಆಸ್ಕರ್ ಬಹುಮಾನವನ್ನು ಪಡೆಯಿತು. ಆ ತಂತ್ರಾಂಶವು ಯಾರಿಗಾದರೂ ಉಚಿತ. ಹಾಗೆಂದು "ಓದಿಗೆ ಬೇಕು" ಎಂಬ ನೆವವನ್ನು ನಾವು ಹುಡುಗರಿಗೆ ಕಲಿಸುತ್ತಿಲ್ಲ. ಆಟಕ್ಕೆ ಬೇಕಾದರೆ ಆಟಕ್ಕೆಂದೇ ಕೇಳುವುದು ಲೇಸು. ಸುಳ್ಳು ಹೇಳಿ ಕೊಂಡ ವಸ್ತುವಿನಲ್ಲಿ ಸುಖವಿಲ್ಲ.

ಈಗ ಗೃಹಸ್ಥರು ಮಾಡಬೇಕಾದುದೇನು? ನಮಗೆ ತಿಳಿದಷ್ಟನ್ನು ಹೇಳುತ್ತೇವೆ.

ಮೊದಲು ಯಾವ ಆಟವೆಂಬುದನ್ನು ಕೇಳಿರಿ. ಕಾರ್ಡಿನ ಮಾತು ಆಮೇಲೆ. ವ್ಯಾಲರಂಟ್, ಡೋಟಾ ೨ ಎಂಬ ಹೆಸರಾದ ಆಟಗಳು ಉಚಿತವಾದವು. ಸಾಧಾರಣ ಯಂತ್ರದಲ್ಲಿಯೇ ನಡೆಯುತ್ತವೆ. ಸ್ಟಾರ್‌ಡ್ಯೂ ವ್ಯಾಲಿ ಎಂಬ ೨೦೧೬ರ ಆಟವೊಂದುಂಟು: ಹೊಲ ಉಳುವುದು, ಬಿತ್ತುವುದು, ನೀರುಣಿಸುವುದು, ಬೆಳೆಯನ್ನು ಮಾರುವುದು. ಎರಿಕ್ ಬರೋನ್ ಎಂಬವರು ಒಬ್ಬರೇ ಕುಳಿತು ನಾಲ್ಕು ವರ್ಷಕ್ಕೂ ಮೇಲೆ ದುಡಿದು ಅದನ್ನು ರಚಿಸಿದರು, ಲೋಕದಲ್ಲೆಲ್ಲ ಆಡುತ್ತಾರೆ. ಅದಕ್ಕೆ ಬೇರೆ ಕಾರ್ಡೇ ಬೇಡ. ಪ್ರೊಸೆಸರಿನೊಳಗೇ ಚಿತ್ರದ ಶಕ್ತಿಯನ್ನು ಕೂಡಿಸಿಕೊಂಡಿರುವ ಎಎಂಡಿಯ ಕೆಲವು ರೈಜೆನ್ ಮಾದರಿಗಳಲ್ಲಿ ಹಿಂದಿನ ವರ್ಷಗಳ ದೊಡ್ಡ ಆಟಗಳನ್ನೂ ಚಿತ್ರದ ಮಟ್ಟವನ್ನು ಇಳಿಸಿಕೊಂಡು ಆಡಬಹುದು. ಐದು ವರ್ಷ ಹಳೆಯ ಆಟವು ಆಡದವನಿಗೆ ಹೊಸದೇ. ಅದರ ಬೆಲೆಯೂ ಇಳಿದಿರುತ್ತದೆ.

ಎರಡನೆಯದು, ಕೊಳ್ಳಲೇಬೇಕೆಂದಾದರೆ ಹೆಸರಿಗೆ ಮರುಳಾಗಬಾರದು. ೨೦೨೪ರ ಡಿಸೆಂಬರಿನಲ್ಲಿ ಇಂಟೆಲ್ ಕಂಪನಿಯು ೧೨ ಜಿಬಿ ಮೆಮೊರಿಯ ಆರ್ಕ್ ಬಿ೫೮೦ ಎಂಬ ಕಾರ್ಡನ್ನು ೨೪೯ ಡಾಲರಿಗೆ ತಂದಿತು. ಮೇಲಿನ ರೀತಿಯಲ್ಲಿಯೇ ಗುಣಿಸಿದರೆ ತೆರಿಗೆ ಸೇರಿ ೨೬,೪೦೦ ರೂಪಾಯಿ. ಆರ್‌ಟಿಎಕ್ಸ್ ೫೦೬೦ರಲ್ಲಿ ಮೆಮೊರಿ ೮ ಜಿಬಿ ಮಾತ್ರ. ಆದರೆ ಹಳೆಯ ಪ್ರೊಸೆಸರಿನೊಡನೆ ಆ ಇಂಟೆಲ್ ಕಾರ್ಡು ತನ್ನ ಪೂರ್ಣ ಶಕ್ತಿಯನ್ನು ತೋರದು. ಹೀಗೆ ಒಂದೊಂದಕ್ಕೂ ಒಂದೊಂದು ಗುಣ, ಒಂದೊಂದು ಕೊರತೆ. ಇದನ್ನೆಲ್ಲ ಹೋಲಿಸಿ ಒಂದು ಹಾಳೆಯ ಮೇಲೆ ಬರೆದು ತರುವ ಕೆಲಸವನ್ನು ಮಗನಿಗೇ ಒಪ್ಪಿಸಿರಿ.

ಮೂರನೆ��ದು, ಬಳಸಿದ ಕಾರ್ಡಿನ ವಿಚಾರ. ನಮ್ಮ ನೆರೆಯವರೊಬ್ಬರು ಹಿಂದೊಮ್ಮೆ ಅಗ್ಗವೆಂದು ಒಂದನ್ನು ಕೊಂಡು ತಂದರು. ಎರಡೇ ತಿಂಗಳಲ್ಲಿ ಅದರ ಫ್ಯಾನು ನಿಂತಿತು. ರಸೀದಿಯಿಲ್ಲ, ಮಾರಿದವನ ಫೋನೂ ಇಲ್ಲ. ಹಗಲಿರುಳು ಗಣಿಯಲ್ಲಿ ದುಡಿದ ಎತ್ತನ್ನು ಮೈ ತಿಕ್ಕಿ ಸಂತೆಗೆ ತಂದಂತೆ, ಅಂಥ ಕಾರ್ಡುಗಳೂ ಪೇಟೆಗೆ ಬಂದಿವೆ. ಆದರೆ ಬಳಸಿದುದೆಲ್ಲವೂ ಕೆಟ್ಟದ್ದಲ್ಲ. ೨೦೨೧ರ ಆರ್‌ಟಿಎಕ್ಸ್ ೩೦೬೦, ಆರ್‌ಎಕ್ಸ್ ೬೬೦೦ ಮುಂತಾದುವು ಇನ್ನೂ ಕೆಲಸಕ್ಕೆ ಬರುವಂಥವು. ಕಣ್ಣೆದುರಿಗೆ ಅರ್ಧ ಗಂಟೆ ಆಟವಾಡಿಸಿ, ಬಿಸಿಯೇರುವುದನ್ನೂ ಸದ್ದನ್ನೂ ಗಮನಿಸಿ, ಮೂಲ ರಸೀದಿಯನ್ನು ಕೇಳಿ, ವಾರಂಟಿ ಉಳಿದಿದೆಯೇ ನೋಡಿ ಕೊಳ್ಳತಕ್ಕದ್ದು. ತೀರ ಹಳೆಯದಾದ ೧೦೬೦ರ ಗುಂಪಿನವುಗಳನ್ನು ಈಗ ಕೊಳ್ಳುವುದು ಬೇಡ. ೨೦೨೫ರ ಅಕ್ಟೋಬರಿನ ನಂತರ ಎನ್‌ವಿಡಿಯಾವು ಹೊಸ ಆಟಗಳಿಗಾಗಿ ಅವುಗಳ ತಂತ್ರಾಂಶವನ್ನು ತಿದ್ದುವುದನ್ನು ನಿಲ್ಲಿಸಿದೆ.

ನಾಲ್ಕನೆಯದು, ಹಂಚಿಕೊಳ್ಳುವ ಹಳೆಯ ಬುದ್ಧಿ. ಗಂಟೆಯ ಲೆಕ್ಕದಲ್ಲಿ ಆಡಿಸುವ ಕೇಂದ್ರವಿರುವ ಊರಿನಲ್ಲಿ ಓದುವ ವಿದ್ಯಾರ್ಥಿಯು ಒಂದು ಲೆಕ್ಕ ಮಾಡಲಿ. ಗಂಟೆಗೆ ೫೦ ರೂಪಾಯಿಯೆಂದೇ ಇಟ್ಟುಕೊಂಡರೂ ೩೧,೭೫೦ ರೂಪಾಯಿಗೆ ೬೩೫ ಗಂಟೆಗಳಾದುವು. ವಾರಕ್ಕೆ ನಾಲ್ಕು ಗಂಟೆ ಆಡುವವನಿಗೆ ಅದು ಮೂರು ವರ್ಷದ ಆಟ. ಅಷ್ಟರಲ್ಲಿ ಅವನ ಓದೇ ಮುಗಿದಿರುತ್ತದೆ. ದಿನಕ್ಕೆ ಎರಡು ಗಂಟೆ ಆಡುವವನಿಗಾದರೆ ಒಂದು ವರ್ಷವೂ ಆಗುವುದಿಲ್ಲ; ಅವನು ಸ್ವಂತದ್ದನ್ನು ಕೊಳ್ಳುವುದೇ ಲಾಭ, ಆದರೆ ಅವನ ಪರೀಕ್ಷೆಯ ಅಂಕಗಳನ್ನು ತಂದೆಯು ಒಮ್ಮೆ ನೋಡುವುದೂ ಲಾಭ!

ಐದನೆಯದು, ಕಾರ್ಡಿನೊಡನೆ ಬರುವ ಇತರ ವೆಚ್ಚಗಳು. ಹಳೆಯ ಕಂಪ್ಯೂಟರಿನ ವಿದ್ಯುತ್ ಪೆಟ್ಟಿಗೆಯು, ಎಂದರೆ ಪವರ್ ಸಪ್ಲೈಯು, ಹೊಸ ಕಾರ್ಡನ್ನು ಹೊರಲಾರದಿದ್ದರೆ ಅದನ್ನೂ ಬದಲಿಸಬೇಕು. ೫೦೬೦ಕ್ಕೆ ೫೫೦ ವ್ಯಾಟಿನದು ಬೇಕೆನ್ನುತ್ತಾರೆ. ಕರೆಂಟು ಹೋಗಿ ಬರುವ ಊರುಗಳಲ್ಲಿ ಯುಪಿಎಸ್ ಇಲ್ಲದೆ ನಡೆಸುವುದು ಅಪಾಯ. ಇಡೀ ಯಂತ್ರವು ೩೦೦ ವ್ಯಾಟು ಹೀರಿದರೆ, ದಿನಕ್ಕೆ ಮೂರು ಗಂಟೆಯಂತೆ ತಿಂಗಳಿಗೆ ೨೭ ಯೂನಿಟ್ಟು. ಗೃಹಜ್ಯೋತಿಯ ಮಿತಿಯ ಅಂಚಿನಲ್ಲಿರುವ ಮನೆಗಳು ಇದನ್ನು ನೆನಪಿಡಬೇಕು. ನಮ್ಮ ಕಡೆಯ ಬೇಸಗೆಯೂ ಧೂಳೂ ಫ್ಯಾನಿಗೆ ಶತ್ರುಗಳು. ತಿಂಗಳಿಗೊಮ್ಮೆ ಪೆಟ್ಟಿಗೆಯನ್ನು ಬಿಚ್ಚಿ ಮೆಲ್ಲನೆ ಧೂಳು ತೆಗೆಯತಕ್ಕದ್ದು.

ಕೊನೆಯದಾಗಿ, ಕಂತಿನ ಮೋಹ. "ಬಡ್ಡಿಯಿಲ್ಲದ ಕಂತು" ಎಂಬ ಬರಹವನ್ನು ಕಂಡು ಮಗಳ ಶುಲ್ಕದ ತಿಂಗಳಿನಲ್ಲಿಯೇ ಆಟದ ಕಂತನ್ನೂ ತಂದುಕೊಳ್ಳಬೇಡಿರಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ಹಿರಿಯರಿಗೆ ಗ್ರಾಫಿಕ್ಸ್ ಕಾರ್ಡು ತಿಳಿದಿರಲಿಲ್ಲ; ಹಾಸಿಗೆ ತಿಳಿದಿತ್ತು.

ರಥೋತ್ಸವದ ಮರುದಿನ ನಾವು ತಂದೆ ಮಗ ಇಬ್ಬರನ್ನೂ ಒಂದೇ ಚಾಪೆಯ ಮೇಲೆ ಕೂಡಿಸಿಕೊಂಡು ಈ ಲೆಕ್ಕಗಳನ್ನೆಲ್ಲ ಒಂದು ಹಳೆಯ ಕ್ಯಾಲೆಂಡರಿನ ಬೆನ್ನಿನ ಮೇಲೆ ಬರೆದು ತೋರಿಸಿದೆವು. ಡಾಲರಿನ ಸಾಲಿಗೆ ಬಂದಾಗ ಹುಡುಗನು, "ಇದು ನನಗೂ ಹೊಳೆದಿರಲಿಲ್ಲ" ಎಂದನು. ತಂದೆಯು ಬಹಳ ಹೊತ್ತು ಸುಮ್ಮನಿದ್ದು, "ನಾನು ಹೇಳಿದ್ದು ಸುಳ್ಳಾಯಿತು ತಮ್ಮಾ, ಸುಳ್ಳಾಗಲೆಂದು ಹೇಳಿದ್ದಲ್ಲ" ಎಂದರು. ಅದಕ್ಕೆ ಹುಡುಗನು ಏನೂ ಹೇಳಲಿಲ್ಲ. ಪೆನ್ನನ್ನು ನಮ್ಮ ಕೈಯಿಂದ ತೆಗೆದುಕೊಂಡು ತಾನೇ ಮುಂದಿನ ಸಾಲನ್ನು ಬರೆಯತೊಡಗಿದನು.

ಅಲ್ಲಿ ಗೊತ್ತಾದ ಕರಾರು ಹೀಗಿದೆ. ಮೊದಲು ತಂಗಿಯ ಕಾಲೇಜಿನ ಶುಲ್ಕ. ಅದರ ಬಗ್ಗೆ ಮಾತಿಲ್ಲ. ಊರಿನ ಫೋಟೋ ಸ್ಟುಡಿಯೋದವರು ಮದುವೆಯ ವಿಡಿಯೋಗಳನ್ನು ಜೋಡಿಸಿಕೊಡಲು ಹುಡುಗನನ್ನು ಕರೆಯುತ್ತಿದ್ದಾರೆ. ರಜೆಯಲ್ಲಿ ಅವನು ಆ ಕೆಲಸವನ್ನು ಮಾಡುವುದು. ಅವನು ತಿಂಗಳಿಗೆ ಎಷ್ಟು ಕೂಡಿಸುವನೋ ಅಷ್ಟನ್ನೇ ತಂದೆಯೂ ಕೂಡಿಸುವುದು. ದೀಪಾವಳಿಗೆ ಎಣಿಸುವುದು. ಅಂದಿನ ಬೆಲೆ ಏನಿರುವುದೋ ಬಲ್ಲವರಾರು? ಇಳಿದಿದ್ದರೆ ಹೊಸದು, ಏರಿದ್ದರೆ ವಾರಂಟಿ ಉಳಿದ ಹಳೆಯದು. "ಅರ್ಧ ಬೆಲೆಗೆ ಬರುತ್ತದೆ" ಎಂಬ ಮಾತನ್ನು ಮಾತ್ರ ಈ ಸಲ ಯಾರೂ ಆಡಲಿಲ್ಲ. ಆ ತಾಯಿಯು ಕ್ಯಾಲೆಂಡರಿನ ಹಾಳೆಯನ್ನು ಮಡಿಸಿ ಸಾಸಿವೆಯ ಡಬ್ಬಿಯ ಕೆಳಗೆ ಇಟ್ಟರು. ಆ ಮನೆಯಲ್ಲಿ ಮುಖ್ಯವಾದ ಕಾಗದಗಳಿರುವುದು ಅಲ್ಲಿಯೇ ಅಂತೆ.

ಕಾರ್ಡು ಬಂದೀತೋ ಇಲ್ಲವೋ ನಾವು ಹೇಳಲಾರೆವು. ಆದರೆ ಮರುದಿನ ಬೆಳಿಗ್ಗೆ ನಾವು ಚೀಲವನ್ನು ಹೆಗಲಿಗೇರಿಸುತ್ತಿದ್ದಾಗ ಹುಡುಗನು ಬಾಗಿಲಲ್ಲಿ ನಿಂತು, "ಅಪ್ಪಾ, ದಾವಣಗೆರೆಯ ಬಸ್ಸಿಗೆ ಚಿಲ್ಲರೆ ಕೊಡು" ಎಂದು ನೇರವಾಗಿ ಕೇಳಿದನು. ತಂದೆಯು ಜೇಬಿಗೆ ಕೈ ಹಾಕಿದರು.

ವಾಚಕರ ಮನೆಗಳಲ್ಲಿಯೂ ಇಂಥದೊಂದು ಬೇಡಿಕೆ ಈ ವರ್ಷ ಬರಬಹುದು. ಬಂದಾಗ ಇಲ್ಲವೆನ್ನುವುದಾದರೂ ಆಗಲಿ, ಆಗಲೆನ್ನುವುದಾದರೂ ಆಗಲಿ, ಲೆಕ್ಕದ ಹಾಳೆಯನ್ನು ನಡುವೆ ಇಟ್ಟುಕೊಂಡು ಹೇಳಿರೆಂದು ಮಾತ್ರ ನಮ್ಮ ವಿಜ್ಞಾಪನೆ.